ಆರು ಕಿಲೋ ತೂಗಿದ ಆಟದ ಇಂಜಿನ್

ಶನಿವಾರ ಬೆಳಿಗ್ಗೆ ದೊಡ್ಡಮ್ಮ ಕನ್ನಡಕ ಒರೆಸಿಕೊಂಡು ಪೇಪರ್ ಬಿಡಿಸುವಷ್ಟರಲ್ಲೇ ಬಾಗಿಲು ದಡಾರನೆ ತೆರೆದುಕೊಂಡಿತು. ಎರಡನೇ ಮಹಡಿಯ ಮಾಸ್ಟ್ರು ದೊಡ್ಡದೊಂದು ರಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲೆ ಕುಕ್ಕಿದರು.

"ಹಗಲು ದರೋಡೆ ದೊಡ್ಡಮ್ಮ! ಹಗಲು ದರೋಡೆ!"

ಕಿಟಕಿ ಪಕ್ಕ ಕೂತು ದೊಡ್ಡಮ್ಮನ ಹಳೇ ಕೋಟಿಗೆ ಗುಂಡಿ ಹಾಕುತ್ತಿದ್ದ ದರ್ಜಿಯ ಬೆರಳಿಗೆ ಸೂಜಿ ಚುಚ್ಚಿತು. ಆದರೂ ಒಳಗೊಳಗೇ ಖುಷಿ. ದೊಡ್ಡಮ್ಮನ ಹತ್ತಿರ ಹೊಸ ಕೇಸು ಬಂತೆಂದರೆ ಅವನು ಊಟ ಬಿಟ್ಟಾದರೂ ಕೂರುತ್ತಿದ್ದ. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂತು ನಿವೃತ್ತರಾದವರು ದೊಡ್ಡಮ್ಮ. ಪೆಟ್ಟಿಗೆ ಎತ್ತಿದರೆ ಸಾಕು, ಒಳಗೇನಿದೆ, ಕಳಿಸಿದವರು ಎಂಥವರು, ಎರಡನ್ನೂ ಹೇಳಿಬಿಡುತ್ತಾರೆ ಎಂದು ಅವನು ತನ್ನ ಗಿರಾಕಿಗಳ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಕಟ್ಟಡದಲ್ಲಿ ಬೀಗದ ಕೈ ಕಳೆದರೂ, ಗಂಡ ಹೆಂಡಿರು ಮಾತು ಬಿಟ್ಟರೂ ಜನ ಹತ್ತುತ್ತಿದ್ದುದು ಈ ಮೂರನೇ ಮಹಡಿಯ ಮೆಟ್ಟಿಲನ್ನೇ.

"ಕೂತ್ಕೊಳ್ಳಿ ಮಾಸ್ಟ್ರೇ, ಉಸಿರು ಬಿಡಿ. ಏನಾಯ್ತು?"

ಮಾಸ್ಟ್ರು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಈಗ ಅವರ ಪ್ರಾಣವೆಲ್ಲ ತಗಡಿನ ಆಟದ ರೈಲುಗಳಲ್ಲಿ. ಆನ್‌ಲೈನ್ ಹರಾಜಿನಲ್ಲಿ ಹಳೆಯದೊಂದು ಇಂಜಿನ್ನಿಗೆ ಬೆಲೆ ಕೂಗಿ ಗೆದ್ದಿದ್ದರು. ಗೆದ್ದ ಮೇಲೆ ಮಾರುವವಳಿಂದ ಅಂಚೆ ಖರ್ಚಿನ ಲೆಕ್ಕ ಬಂತು.

"ಇಂಜಿನ್ನಿನ ಬೆಲೆಯ ಮೂರು ಪಟ್ಟು ಅಂಚೆ ಖರ್ಚು! ಆಸೆ ನೋಡಿ, ಬಾಯಿ ಮುಚ್ಕೊಂಡು ಕಟ್ಟಿದೆ. ನಿನ್ನೆ ಸಂಜೆ ತಂಗಿ ಮನೆಯಿಂದ ಬಂದು ತೆಗೆದ್ರೆ, ಅಂಗೈಯಗಲದ ಇಂಜಿನ್ನು, ಉಳಿದಿದ್ದೆಲ್ಲ ಚಿಂದಿ! ಇವತ್ತು ಬೆಳಿಗ್ಗೆ ಎದ್ದಿದ್ದೇ ಫೋನ್ ಮಾಡಿ ಚೆನ್ನಾಗಿ ಝಾಡಿಸಿದೆ. ಆ ಹೆಂಗಸು ಅಳ್ತಾ, 'ಎಲ್ಲಾ ಸಿಕ್ತಲ್ವಾ ಸಾರ್?' ಅಂತಾಳೆ. ಏನು ನಾಟಕ! ಅವಳ ಮೇಲೆ ಆಗ್ಲೇ ಎರಡು ದೂರಿದೆ. ಇವತ್ತು ಐದು ಗಂಟೆಯೊಳಗೆ ನನ್ನದೂ ಹೋದ್ರೆ ಹರಾಜಿನವರು ಅವಳ ಖಾತೆ ಮುಚ್ತಾರೆ. ಅವರಪ್ಪನ ಸಾಮಾನು ಮಾರಿ ಬದುಕ್ತಾಳಂತೆ. ಇನ್ನು ಮೇಲೆ ಅದು ಹೇಗೆ ಮಾರ್ತಾಳೋ ನೋಡ್ತೀನಿ."

"ನಾಲ್ಕು ಗಂಟೆವರೆಗೆ ಕಾಯಿರಿ. ಪೆಟ್ಟಿಗೆ ಇಲ್ಲೇ ಇರಲಿ."

ಮಾಸ್ಟ್ರು ಗೊಣಗುತ್ತ ಇಳಿದರು. ದೊಡ್ಡಮ್ಮ ಮೂಲೆಯಲ್ಲಿದ್ದ ತಕ್ಕಡಿಯನ್ನು ಎಳೆದರು. ಕಚೇರಿಯವರು ಬೇಡವೆಂದು ಬಿಸಾಡುವಾಗ ಕೇಳಿ ತಂದಿದ್ದ ತಕ್ಕಡಿ ಅದು. ಇಂಜಿನ್ನು, ಚಿಂದಿ, ಪೆಟ್ಟಿಗೆ, ಎಲ್ಲ ಸೇರಿ ಒಂದೂವರೆ ಕಿಲೋ. ಆಮೇಲೆ ಪೆಟ್ಟಿಗೆಯ ಮೇಲಿನ ಅಂಚೆ ಚೀಟಿಗೆ ಕಣ್ಣು ಹಾಯಿಸಿ, "ಓದೋ ದರ್ಜಿ," ಎಂದರು.

"ಆರು ಕಿಲೋ ಇನ್ನೂರು ಗ್ರಾಂ. ಅಂಚೆ ಖರ್ಚು... ಅಯ್ಯೋ, ಮಾಸ್ಟ್ರು ಕಟ್ಟಿದಷ್ಟೇ ಇದೆಯಲ್ಲ!"

"ಅಂಟು ಪಟ್ಟಿ ನೋಡು. ಕೆಳಗಡೆ ಕಂದು, ಅದರ ಮೇಲೆ ಬಿಳೀದು. ಇನ್ನು ಆ ಚಿಂದಿ."

ದರ್ಜಿ ಚಿಂದಿ ಹಿಡಿದು ನೋಡಿದ. ಹಸಿರು ಬಟ್ಟೆಯ ಚೂರುಗಳು. ಅಂಚಿನಲ್ಲಿ ಅವನದೇ ಕತ್ತರಿಯ ಗುರುತು.

"ದೊಡ್ಡಮ್ಮ, ಇದು... ಇದು ನನ್ನಂಗಡೀದು. ದೇವರಾಣೆ ನನಗೇನೂ ಗೊತ್ತಿಲ್ಲ!"

"ನಿನ್ನ ಮೇಲೆ ಯಾರಿಗೋ ಅನುಮಾನ? ಯಾವತ್ತು ಕತ್ತರಿಸಿದ್ದು?"

"ಆಸ್ಪತ್ರೆಯವರ ಅಂಗಿ. ಬಟ್ಟೆ ಥಾನು ಬಂದಿದ್ದೇ ಗುರುವಾರ ಬೆಳಿಗ್ಗೆ. ಅವತ್ತೇ ಕತ್ತರಿಸಿದೆ."

"ಚೂರು ಯಾರಿಗೆ ಕೊಟ್ಟೆ?"

"ಯಾವಾಗ್ಲೂ ಇಬ್ಬರಿಗೆ. ಗಾಜು ಒರೆಸೋಕೆ ಫ್ರೇಮಿನ ಅಂಗಡಿಯವನಿಗೆ, ದಿಂಬಿಗೆ ತುಂಬೋಕೆ ಮಾಸ್ಟ್ರ ಮನೆಯವರಿಗೆ."

ಇಬ್ಬರೂ ಕೆಳಗಿಳಿದರು. ಫೋಟೋ ಫ್ರೇಮಿನ ಅಂಗಡಿ ಕಟ್ಟಡದ ಬಾಗಿಲಲ್ಲೇ ಇತ್ತು. ಎಲ್ಲರ ಪಾರ್ಸೆಲ್ಲೂ ಮೊದಲು ಅಲ್ಲಿಗೇ ಬರುತ್ತಿತ್ತು. ಅಂಗಡಿಯವನು ಗಾಜು ಒರೆಸುತ್ತ ನಿಂತಿದ್ದ. ಕೈಯಲ್ಲಿ ಹಸಿರು ಚಿಂದಿ! ದರ್ಜಿ ದೊಡ್ಡಮ್ಮನ ಮೊಣಕೈ ತಿವಿದ. ಹಳೇ ಪಟಗಳ ಜೊತೆ ಹಳೇ ಸಾಮಾನೂ ಕೊಂಡು ಮಾರುವ ಇವನಿಗೆ ಅದರ ಬೆಲೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?

"ಏನಪ್ಪಾ, ವಾರೆಯಾಗಿ ನಿಂತಿದೀಯ?" ಎಂದರು ದೊಡ್ಡಮ್ಮ.

"ಬುಧವಾರದಿಂದ ಸೊಂಟ ಹಿಡ್ಕೊಂಡಿದೆ ದೊಡ್ಡಮ್ಮ, ಬಗ್ಗೋಕೇ ಆಗ್ತಿಲ್ಲ."

ದೊಡ್ಡಮ್ಮ ಪಾರ್ಸೆಲ್ ಪುಸ್ತಕ ಕೇಳಿ ತಿರುವಿದರು. ಬುಧವಾರ ಬೆಳಿಗ್ಗೆ ಹತ್ತಕ್ಕೆ ಪೆಟ್ಟಿಗೆ ಬಂದಿತ್ತು. ಹನ್ನೆರಡಕ್ಕೆ ಮಾಸ್ಟ್ರ ಹೆಂಡತಿ ಸಹಿ ಹಾಕಿ ಒಯ್ದಿದ್ದರು. ದೊಡ್ಡಮ್ಮ ಪುಸ್ತಕ ಮುಚ್ಚಿ, "ನಾಲ್ಕಕ್ಕೆ ಮಾಸ್ಟ್ರ ಮನೆಗೆ ಬಾ. ಪುಸ್ತಕ ತಗೊಂಡು ಬಾ," ಎಂದರು.

ಮಾಸ್ಟ್ರ ಮನೆಯಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಕಪಾಟಿನ ತುಂಬ ರೈಲು, ಟಿವಿಯ ಮೇಲೆ ಸೇತುವೆ, ಊಟದ ಮೇಜಿನ ಮೇಲೆ ಒಂದಿಡೀ ಸ್ಟೇಷನ್. ದರ್ಜಿ ಸಿಗ್ನಲ್ ಕಂಬವೊಂದನ್ನು ಸರಿಸಿ ಅಂಚಿನಲ್ಲಿ ಕೂತ. ಫ್ರೇಮಿನವನು ಗೋಡೆಗೊರಗಿದ. ಮಾಸ್ಟ್ರ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತರು.

"ಮಾಸ್ಟ್ರೇ," ಎಂದು ದೊಡ್ಡಮ್ಮ ಶುರುಮಾಡಿದರು, "ಅಂಚೆ ಖರ್ಚಿನಲ್ಲಿ ದುಡ್ಡು ಹೊಡೆಯೋರು ಹೇಗೆ ಹೊಡೀತಾರೆ? ನಿಮ್ಮ ಹತ್ರ ಸಾವಿರ ಇಸ್ಕೊಂಡು ಕೌಂಟರಿನಲ್ಲಿ ನೂರು ಕಟ್ತಾರೆ. ಈ ಚೀಟಿ ನೋಡಿ. ಆಕೆ ಇಸ್ಕೊಂಡಷ್ಟನ್ನೂ ಕಟ್ಟಿದಾಳೆ. ಒಂದು ಕಾಸೂ ಉಳಿಸ್ಕೊಂಡಿಲ್ಲ."

ಮಾಸ್ಟ್ರು ಚೀಟಿ ನೋಡಿದರು. ಲೆಕ್ಕದ ಮಾಸ್ಟ್ರಲ್ಲವೇ, ಮುಖ ಹುಳ್ಳಗಾಯಿತು.

"ಅಲ್ಲಿ ಆರು ಕಿಲೋ ಚಿಲ್ಲರೆ ತೂಗಿದ್ದು ಇಲ್ಲಿ ಒಂದೂವರೆ. 'ಎಲ್ಲಾ ಸಿಕ್ತಲ್ವಾ' ಅಂದ್ಳಂತೆ. ಒಂದೇ ಇಂಜಿನ್ ಕಳಿಸಿದವಳು 'ಎಲ್ಲಾ' ಅಂತಾಳಾ? ಯಾರೋ ಬಿಚ್ಚಿ, ತೆಗೆದು, ಚಿಂದಿ ತುಂಬಿ, ಬಿಳಿ ಪಟ್ಟಿ ಅಂಟಿಸಿದಾರೆ."

ಎಲ್ಲರ ಕಣ್ಣೂ ಫ್ರೇಮಿನವನ ಮೇಲೆ ಬಿತ್ತು.

"ಅವನನ್ನ ಬಿಡಿ," ಎಂದು ದೊಡ್ಡಮ್ಮ ಅವನ ಕಡೆ ತಿರುಗಿದರು. "ನಿನ್ನ ಸೊಂಟ ಯಾಕಪ್ಪಾ ಹಿಡೀತು?"

"ಆ ಪೆಟ್ಟಿಗೇನೇ ದೊಡ್ಡಮ್ಮ! ಹಗುರ ಇರುತ್ತೆ ಅಂತ ಒಂದೇ ಕೈಲಿ ಎತ್ತಿದೆ, ಚಳಕ್ ಅಂತು."

"ಅಂದ್ರೆ ಅಂಚೆಯವನು ತಂದಾಗ ತೂಕ ಸರಿಯಾಗೇ ಇತ್ತು. ಬುಧವಾರ ಮಧ್ಯಾಹ್ನ ಪೆಟ್ಟಿಗೆ ಇವನ ಅಂಗಡಿ ಬಿಡ್ತು. ಆ ಹಸಿರು ಬಟ್ಟೆ ದರ್ಜಿ ಕತ್ತರಿಗೆ ಸಿಕ್ಕಿದ್ದು ಗುರುವಾರ. ನಾಳೆ ಹುಟ್ಟೋ ಚಿಂದೀನ ಇವತ್ತು ತುಂಬೋಕಾಗುತ್ತಾ? ತುಂಬಿದ್ದು ಈ ಮನೆಯಲ್ಲಿ. ಮಾಸ್ಟ್ರು ಊರಲ್ಲಿರಲಿಲ್ಲ." ದೊಡ್ಡಮ್ಮನ ದನಿ ಮೆತ್ತಗಾಯಿತು. "ದಿಂಬಿಗೆ ಹೋಗಬೇಕಿದ್ದ ಚೂರು ಪೆಟ್ಟಿಗೆಗೆ ಬಂತು. ಪೆಟ್ಟಿಗೆಯಲ್ಲಿದ್ದದ್ದು ದಿಂಬಿನ ಚೀಲಕ್ಕೆ ಹೋಯ್ತು. ಅಲ್ವೇನಮ್ಮಾ?"

ದರ್ಜಿಗೆ ರೋಮಾಂಚನವಾಯಿತು. ಒಂದು ಹಿಡಿ ಚಿಂದಿಯಿಂದ ಇಷ್ಟೆಲ್ಲ! ತಾನು ದಿನವೂ ಗುಡಿಸಿ ಎಸೆಯುವ ಚಿಂದಿ!

ಮಾಸ್ಟ್ರ ಹೆಂಡತಿ ಒಳಗೆ ಹೋಗಿ ಭಾರವಾದ ದಿಂಬಿನ ಚೀಲವನ್ನು ಎಳೆದು ತಂದರು. ಒಳಗಿಂದ ಒಂಬತ್ತು ಬೋಗಿಗಳೂ ಕಬ್ಬಿಣದ ಹಳಿಗಳೂ ಹೊರಬಂದವು.

"ಮೂರು ವರ್ಷದಿಂದ ತಟ್ಟೆ ತೊಡೆ ಮೇಲಿಟ್ಕೊಂಡು ಉಣ್ತಿದೀನಿ," ಎಂದರು ಗಂಡನ ಕಡೆ ತಿರುಗಿ. "ಎಷ್ಟು ಸಲ ಹೇಳಿದೆ? ನಿಮ್ಮ ಕಿವಿಗೇ ಬೀಳಲ್ಲ. ಇಂಜಿನ್ ಒಂದೇ ಅಂದ್ರಿ, ನೋಡಿದ್ರೆ ಪೂರ್ತಿ ರೈಲು! ಇನ್ನು ನನ್ನ ಮಂಚದ ಮೇಲೂ ಹಳಿ ಹಾಕ್ತಾರೆ ಅಂತ ಹೊಟ್ಟೆ ಉರೀತು. ಅಂಚೆ ಖರ್ಚಿಗೆ ಮೋಸ ಹೋದೆ ಅಂದ್ಕೊಂಡಾದ್ರೂ ನಿಲ್ಲಿಸ್ಲಿ ಅಂತ ಮಾಡಿದೆ. ಆ ಹೆಂಗಸಿನ ಬಾಯಿಗೆ ಮಣ್ಣು ಬೀಳುತ್ತೆ ಅಂತ ಯೋಚಿಸಲಿಲ್ಲ. ಬೆಳಿಗ್ಗೆಯಿಂದ ನನಗೆ ಒಂದು ತುತ್ತೂ ಇಳಿದಿಲ್ಲ. ಹೊಟ್ಟೆಗೆ ಹಾಕ್ಕೊಳ್ಳಿ." ಪೆಟ್ಟಿಗೆಯೊಳಗೆ ಸಿಕ್ಕಿ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಕಾಗದವೊಂದನ್ನು ತೆಗೆದು ಮಾಸ್ಟ್ರ ಕೈಗಿಟ್ಟರು.

ಮಾಸ್ಟ್ರು ಓದತೊಡಗಿದರು. ಎರಡು ಸಾಲಾದ ಮೇಲೆ ಕಾಗದ ಕೆಳಗಿಳಿಸಿದರು. ದರ್ಜಿಯೇ ಇಸಿದುಕೊಂಡು ಮುಂದಕ್ಕೆ ಓದಿದ.

"ನಮ್ಮಪ್ಪ ಈ ರೈಲನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ. ನಮ್ಮಮ್ಮನಿಗೆ ಮನೆಯಲ್ಲಿ ಒಂದು ಗೂಡೂ ಉಳಿದಿರಲಿಲ್ಲ. ಆದರೂ ನೀವು ಇಂಜಿನ್ನಿಗೆ ಆಸೆಯಿಂದ ಬೆಲೆ ಏರಿಸಿದ್ದು ನೋಡಿ, ಬೋಗಿಗಳನ್ನು ಅದರಿಂದ ಅಗಲಿಸಲು ಮನಸ್ಸು ಬರಲಿಲ್ಲ. ಇವಕ್ಕೆ ಬೆಲೆ ಬೇಡ. ಅಂಚೆ ಖರ್ಚು ಹೊರುವ ಶಕ್ತಿ ಮಾತ್ರ ನನಗಿಲ್ಲ, ಕ್ಷಮಿಸಿ."

ಮಾಸ್ಟ್ರು ಎದ್ದು, ಹರಾಜಿನವರಿಗೆ ಕಳಿಸಲು ಬರೆದಿಟ್ಟಿದ್ದ ದೂರಿನ ಕಾಗದ ಹರಿದರು. ಆಮೇಲೆ ಊಟದ ಮೇಜಿನ ಮೇಲಿಂದ ಸ್ಟೇಷನ್ನು, ಸಿಗ್ನಲ್ಲು, ಗೇಟು, ಒಂದೊಂದನ್ನೇ ತಾವೇ ಎತ್ತಿ ಕೆಳಗಿಟ್ಟರು. ಹೆಂಡತಿ ಒಂದು ಕ್ಷಣ ನಿಂತು ನೋಡಿ, ಒದ್ದೆ ಬಟ್ಟೆ ತಂದು ಮೂರು ವರ್ಷದ ಧೂಳು ಒರೆಸಿದರು.

ಗಡಿಯಾರದಲ್ಲಿ ಐದಾಗಲು ಇನ್ನೂ ಹತ್ತು ನಿಮಿಷವಿತ್ತು. ಮಾಸ್ಟ್ರು ಫೋನ್ ಕಿವಿಗಿಟ್ಟುಕೊಂಡು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ನಾನಮ್ಮ, ಬೆಳಿಗ್ಗೆ ಕೂಗಾಡಿದವನು. ಅಂಚೆ ಖರ್ಚಿನ ವಿಷಯಕ್ಕೇ ಮಾಡಿದೆ." ಬೋಗಿಯೊಂದನ್ನು ಅಂಗೈ ಮೇಲಿಟ್ಟು ನೋಡಿದರು. "ತುಂಬಾ ಕಮ್ಮಿ ಆಯ್ತು ತಾಯಿ. ತುಂಬಾ ಕಮ್ಮಿ."