ಅಂಟದ ಮ್ಯಾಗ್ನೆಟ್

ಮ್ಯಾಗ್ನೆಟ್ ಜಾರಿ ಕೆಳಗೆ ಬಿತ್ತು. ಚೂಟಿ ಇನ್ನೊಮ್ಮೆ ಒತ್ತಿ ನೋಡಿದಳು. ಊಹೂಂ, ಹಳದಿ ಕಾರಿನ ಬಾಗಿಲಿಗೆ ಅದು ಅಂಟಲೇ ಇಲ್ಲ.

ಅಮ್ಮನ ಗ್ಯಾರೇಜಿನಲ್ಲಿ ಎರಡು ಹಳೆಯ ಇಟಾಲಿಯನ್ ಸ್ಪೋರ್ಟ್ಸ್ ಕಾರುಗಳು ಮಾರಾಟಕ್ಕಿದ್ದವು. ಕೆಂಪು ಕಾರು ಬೇರೆಲ್ಲೋ ರಿಪೇರಿಯಾಗಿ ಬಂದದ್ದು. ಹಳದಿಯದನ್ನು ಮಾತ್ರ ಟಿಂಕರಿಂಗ್ ಮಾಡುವ ಅಮ್ಮನೇ ಎಂಟು ತಿಂಗಳು ತಟ್ಟಿ ತಟ್ಟಿ ಸರಿಮಾಡಿದ್ದಳು. ನಮ್ಮಮ್ಮ ಒಂಚೂರೂ ಪುಟ್ಟಿ ಹಚ್ಚಿಲ್ಲ ಎಂದು ಚೂಟಿ ಕ್ಲಾಸಿನಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದಳು. ತಗಡಿನ ತಗ್ಗಿಗೆ ಪುಟ್ಟಿ ಎಂಬ ಪೇಸ್ಟ್ ಮೆತ್ತಿ ಬಣ್ಣ ಬಳಿದರೆ ಕಣ್ಣಿಗೆ ಕಾಣದು, ಆದರೆ ಅಲ್ಲಿ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಇದನ್ನು ಹೇಳಿಕೊಟ್ಟವಳೂ ಅಮ್ಮನೇ.

ಹಾಗಾದರೆ ಅಮ್ಮ ಸುಳ್ಳು ಹೇಳಿದಳೇ? ಚೂಟಿಗೆ ಅಳುವೇ ಬಂತು.

ಅಷ್ಟರಲ್ಲಿ ಡಾಕ್ಟರಮ್ಮ ಬಂದೇಬಿಟ್ಟರು. ಹಳೇ ಕಾರು ಕೂಡಿಡುವ ಹುಚ್ಚು ಅವರಿಗೆ. ಎರಡರಲ್ಲಿ ಒಂದನ್ನು ಆರಿಸಿ ಕೊಳ್ಳಲು ಬಂದಿದ್ದರು. ಅವರ ಬ್ಯಾಗಿನಿಂದ ಹೊರಬಂದದ್ದೇನು? ಬಟ್ಟೆ ಸುತ್ತಿದ ಮ್ಯಾಗ್ನೆಟ್! ಮುಗೀತು ಕತೆ, ಅಂದುಕೊಂಡಳು ಚೂಟಿ.

ಕೆಂಪು ಕಾರಿಗೆ ಅದು ಟಕ್ ಟಕ್ ಎಂದು ಅಂಟುತ್ತ ಹೋಯಿತು. ಹಿಂದಿನ ಚಕ್ರದ ಮೇಲೆ ಅಂಗೈಯಗಲದ ಒಂದು ಜಾಗದಲ್ಲಿ ಜಾರಿತು. ಅಲ್ಲಿ ಪುಟ್ಟಿ ಇದೆ ಎಂದು ಡಾಕ್ಟರಮ್ಮ ಹುಬ್ಬೇರಿಸಿದರು. ಹಳದಿ ಕಾರಿನ ಬಾಗಿಲಲ್ಲಂತೂ ಅದು ಎಲ್ಲೂ ಅಂಟಲಿಲ್ಲ.

ಚೂಟಿಗೆ ತಡೆಯಲಾಗಲಿಲ್ಲ. "ಅಮ್ಮಾ, ನೀನೂ ಪುಟ್ಟಿ ಹಚ್ಚಿದ್ದೀಯಾ?" ಎಂದು ಕೇಳಿಯೇಬಿಟ್ಟಳು.

ಅಮ್ಮ ಬೈಯಲಿಲ್ಲ. ಬಾಗಿಲು ತೆರೆದು ಒಳಗಿನ ಹೊದಿಕೆ ಬಿಚ್ಚಿದಳು. ಒಳಗೆ ಬಣ್ಣವಿರಲಿಲ್ಲ. ಬೆಳ್ಳಗಿನ ತಗಡು, ಅದರ ತುಂಬ ಸುತ್ತಿಗೆಯ ಸಣ್ಣ ಸಣ್ಣ ಗುರುತು.

"ಇದು ಅಲ್ಯೂಮಿನಿಯಂ ಕಣೇ. ಮ್ಯಾಗ್ನೆಟ್ ಹಿಡಿಯೋದು ಕಬ್ಬಿಣಾನ. ರೇಸಲ್ಲಿ ಓಡೋಕೆ ಹಗುರ ಇರ್ಲಿ ಅಂತ ಇದರ ಬಾಗಿಲು ಮಾಡಿದ್ದೇ ಹೀಗೆ."

ಬಾಗಿಲಿನ ಕೆಳಗಿನರ್ಧ ತಾನು ಹಾಕಿದ ಹೊಸ ತಗಡು ಎಂದೂ ಅಮ್ಮನೇ ಹೇಳಿದಳು. ಡಾಕ್ಟರಮ್ಮ ರೋಗಿಯ ಎದೆ ನೋಡುವವರಂತೆ ಬೆರಳಿನಿಂದ ಬಡಿದು ಕಿವಿಗೊಟ್ಟರು. ಪುಟ್ಟಿ ಇದ್ದರೆ ಸದ್ದು ಮಂದವಾಗುತ್ತದಂತೆ. ಇಲ್ಲಿ ಮೇಲೂ ಕೆಳಗೂ ಒಂದೇ ಠಣ್. ಹೊರಗಿನಿಂದ ಸವರಿ ಸವರಿ ನೋಡಿದರೂ ಹಳೆಯದೆಲ್ಲಿ ಮುಗಿಯಿತು, ಹೊಸದೆಲ್ಲಿ ಶುರುವಾಯಿತು ಎಂಬುದು ತಿಳಿಯಲಿಲ್ಲ.

"ಆಪರೇಷನ್ ಮಾಡಿ ನಾನು ಹಾಕೋ ಹೊಲಿಗೇನೂ ಇಷ್ಟು ನೀಟಾಗಿರಲ್ಲಮ್ಮ," ಎಂದು ನಕ್ಕು ಅವರು ಹಳದಿ ಕಾರನ್ನೇ ಆರಿಸಿದರು.

ಚೂಟಿಗೆ ನಾಚಿಕೆಯೂ ಆಯಿತು, ಹೆಮ್ಮೆಯಿಂದ ಎದೆಯೂ ಉಬ್ಬಿತು. ಸುತ್ತಿಗೆಯ ಗುರುತುಗಳನ್ನು ಎಣಿಸಲು ಹೋದಳು, ನೂರು ದಾಟಿದ ಮೇಲೆ ಲೆಕ್ಕ ತಪ್ಪಿತು. ಇವುಗಳಲ್ಲಿ ಒಂದನ್ನೂ ಅಮ್ಮ ಯಾರಿಗೂ ತೋರಿಸಿಕೊಂಡಿರಲಿಲ್ಲ.

ಹೊದಿಕೆಯನ್ನು ತಾನೇ ಹಾಕುತ್ತೇನೆ ಎಂದು ಕೇಳಿ ಇಸಕೊಂಡಳು. ಒಂದೊಂದೇ ಸ್ಕ್ರೂ ತಿರುಗಿಸುತ್ತ, ಆ ಗುರುತುಗಳೆಲ್ಲ ಮರೆಯಾಗುವವರೆಗೂ ನೋಡುತ್ತಲೇ ಇದ್ದಳು.