ಕೆಂಪು ಸಾಡೊ

ಕುಂಬಳೆಯ ಕ್ಲಿನಿಕ್ಕಿನಿಂದ ಕೊನೆಯ ಪೇಶೆಂಟ್ ಹೊರಬಂದದ್ದೇ ತಡ, ಅಲಿಶಾ ಒಳನುಗ್ಗಿದಳು. ಹಲ್ಲಿನ ಡಾಕ್ಟರ್ ಬ್ರಯನ್ ಇನ್ನೂ ಮಾಸ್ಕ್ ತೆಗೆದಿರಲಿಲ್ಲ.

"ರಿಸೆಪ್ಶನ್ನಿಗೆ ಲೆಹೆಂಗಾ ಬುಕ್ ಮಾಡಿದ್ದಿಯಂತೆ. ನನ್ನ ಹತ್ತಿರ ಒಂದು ಮಾತು ಕೇಳಿದ್ದಿಯಾ?"

"ಮಮ್ಮಿ ಹೇಳಿದ್ರು..."

"ಮದುವೆ ಮಮ್ಮಿಗಾ, ನನಗಾ?"

ಅವನು ಮಾಸ್ಕ್ ಇಳಿಸಿ ನಕ್ಕ. ಅವಳು ಸೋತದ್ದು ಆ ನಗುವಿಗೇ. ಇವತ್ತು ಅದನ್ನು ಕಂಡರೆ ಮೈಯೆಲ್ಲ ಉರಿಯಿತು.

"ನಗಬೇಡ ಮಾರಾಯ. ಬೆಳಿಗ್ಗೆ ಇಗರ್ಜಿಯಲ್ಲಿ ಬಿಳಿ, ಸಂಜೆ ಸಾಡೊ. ನನಗೆ ಅದೇ ಬೇಕು."

ಸಾಡೊ ಎಂದರೆ ಮದುಮಗಳ ಕೆಂಪು ಸೀರೆ. ಅದು ಹುಡುಗನ ಮನೆಯಿಂದಲೇ ಬರಬೇಕು. ಕ್ರೈಸ್ತರಾದ ನಮ್ಮ ಹಿರಿಯರು ಗೋವೆಯಿಂದ ಇಲ್ಲಿಗೆ ಓಡಿ ಬಂದಾಗ ದೇವರು ಬದಲಾಗಿದ್ದ, ಹೆಸರು ಬದಲಾಗಿತ್ತು, ಹೆಂಗಸರು ಸೀರೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ ಎಂದು ಅಲಿಶಾಳ ಅಜ್ಜಿ ಟ್ರೀಜಾ ಹೆಮ್ಮೆಯಿಂದ ಹೇಳುತ್ತಿದ್ದರು.

"ಒಂದು ಸೀರೆಗೆ ಇಷ್ಟು ಗಲಾಟೆಯಾ?" ಎಂದ ಬ್ರಯನ್.

ಅಲಿಶಾ ಬೆರಳಿನ ಉಂಗುರ ತೆಗೆದು ಅವನ ಮೇಜಿನ ಮೇಲಿಟ್ಟಳು. "ನಿನಗೆ ಅದು ಬರೀ ಸೀರೆಯಾದರೆ, ನನಗೆ ಇದು ಬರೀ ಉಂಗುರ."

ಅವನ ಮುಖದ ನಗು ಆರಿತು. ಉಂಗುರವನ್ನು ಎತ್ತಿ ಜೇಬಿಗೆ ಹಾಕಿಕೊಂಡ.

"ಪಪ್ಪ ತೀರಿಹೋದ ದಿನ ಮಮ್ಮಿಗೆ ಅದೇ ಸಾಡೊ ಉಡಿಸಿದ್ರು. ಬಳೆ ಒಡೆದ್ರು. ಮತ್ತೆ ಒಳಗೆ ಕರಕೊಂಡು ಹೋಗಿ, ಅದನ್ನು ಬಿಚ್ಚಿ ಕಪ್ಪು ಉಡಿಸಿದ್ರು. ಮಮ್ಮಿಯ ಕೂಗು ನನಗೆ ಈಗಲೂ ಕೇಳ್ತದೆ."

"ಇದನ್ನು ಹೇಳ್ಲಿಕ್ಕೆ ನಿನಗೆ ಬಾಯಿ ಇರಲಿಲ್ವಾ?" ಅವಳ ಸಿಟ್ಟು ಇಳಿಯಲಿಲ್ಲ, ದಿಕ್ಕು ಬದಲಿಸಿತು. "ಕಾರು ತೆಗಿ."

ಮಂಜೇಶ್ವರದ ಮನೆಯಲ್ಲಿ ಬ್ರಯನ್‌ನ ತಾಯಿ ಇಮೆಲ್ಡಾ ಬೂದು ಸೀರೆಯುಟ್ಟು ಮೀನು ಕೊಯ್ಯುತ್ತಿದ್ದರು.

"ಆಂಟಿ, ನಿಮ್ಮ ಸಾಡೊ ಬಿಚ್ಚಿದ್ದು ಯಾರು?"

ಇಮೆಲ್ಡಾ ಮಗನನ್ನು ದುರುಗುಟ್ಟಿ ನೋಡಿದರು. "ನಾದಿನಿಯರು. ಕೆಂಪು ಗಂಡನ ಜೊತೆಗೇ ಹೋಯಿತು ಅಂದ್ರು. ನನಗೆ ಆ ಬಣ್ಣ ಎಷ್ಟು ಇಷ್ಟ ಇತ್ತು ಗೊತ್ತುಂಟಾ? ಆ ದರಿದ್ರ ಸೀರೆ ನನ್ನ ಸೊಸೆಗೆ ಬೇಡ."

"ದರಿದ್ರ ಹಿಡಿದದ್ದು ಸೀರೆಗಲ್ಲ ಆಂಟಿ, ಬಿಚ್ಚಿದ ಕೈಗಳಿಗೆ! ಅವರಿಗೆ ಹೆದರಿ ನಾನು ಯಾಕೆ ಬಿಡಬೇಕು? ನೀವು ಯಾಕೆ ಬಿಟ್ರಿ?"

ಇಮೆಲ್ಡಾ ಎದ್ದು ಒಳಹೋದರು. ಬಾಗಿಲು ದಡಾರನೆ ಮುಚ್ಚಿತು.

ಅಂಗಳಕ್ಕಿಳಿದ ಅಲಿಶಾಳ ಪಕ್ಕ ಬ್ರಯನ್ ಬಂದು ನಿಂತ. "ತಪ್ಪಾಯಿತು. ಇನ್ನು ನಿನ್ನ ಹತ್ತಿರ ಎಂತದ್ದೂ ಮುಚ್ಚಿಡುವುದಿಲ್ಲ."

"ನೀನು ಸತ್ತರೂ ನಾನು ಕೆಂಪು ಉಡ್ತೇನೆ."

"ಉಡು. ಆದರೆ ಮೊದಲು ನಾನು ಬದುಕಿರುವಾಗ ಉಡು. ಆ ಕೆಂಪಿನಲ್ಲಿ ನಿನ್ನನ್ನು ನಾನು ಕಣ್ಣು ತುಂಬ ನೋಡಬೇಕು."

ಅವಳ ತುಟಿಯ ಅಂಚು ಅದುರಿತು. ನಗು ಬಾರದಂತೆ ಹಲ್ಲು ಕಚ್ಚಿ, ಮುಖ ಆಚೆ ತಿರುಗಿಸಿ, ಕೈಯನ್ನು ಮಾತ್ರ ಅವನತ್ತ ಚಾಚಿದಳು. ಅವನು ಉಂಗುರ ತೊಡಿಸಿದ.

ಬಾಗಿಲು ತೆರೆಯಿತು. ಇಮೆಲ್ಡಾ ಸೀರೆ ಬದಲಿಸಿ, ಪರ್ಸ್ ಹಿಡಿದು ನಿಂತಿದ್ದರು. ಅತ್ತ ಕಣ್ಣು ಕೆಂಪಾಗಿತ್ತು, ದನಿ ಗಟ್ಟಿಯಾಗಿತ್ತು.

"ಮಂಗಳೂರಿಗೆ ಹೋಗುವ. ಸಾಡೊ ಆರಿಸುವುದು ನಾನು. ಅದನ್ನು ಬಿಚ್ಚಲಿಕ್ಕೆ ಯಾರಾದರೂ ಬಂದರೆ, ಕೈ ಮುರಿ!"

"ನಿಮಗೂ ಒಂದು ಕೆಂಪು ತೆಗೆಯುವ, ಆಂಟಿ."

"ಹುಚ್ಚಾ ನಿನಗೆ?"

ಕಾರು ಮಂಗಳೂರಿನ ಹಾದಿಯಲ್ಲಿ ಗಡಿ ದಾಟಿತು. ಬ್ರಯನ್ ಕನ್ನಡಿಯಲ್ಲಿ ಅಲಿಶಾಳನ್ನು ಕದ್ದು ನೋಡುತ್ತಿದ್ದ. ಆಗ ಹಿಂದಿನ ಸೀಟಿನಿಂದ, ಕಿಟಕಿಯತ್ತ ಮುಖ ಮಾಡಿಕೊಂಡೇ ಇಮೆಲ್ಡಾ ಗದರಿದರು:

"ಮೆರೂನ್ ಗಿರೂನ್ ಎಲ್ಲ ನನಗೆ ಬೇಡ. ಕೆಂಪೇ ಇರಲಿ."