ಹೆಬ್ಬೆರಳಿನ ಸುಳ್ಳು

"ಇನ್ನೂ ನೋವಿದೆಯಾ?" ಎಂದು ಫಿಸಿಯೋ ಕೇಳಿದಾಗ ಅವನು ಮುಖವನ್ನು ಆದಷ್ಟು ಸಪ್ಪಗೆ ಮಾಡಿಕೊಂಡು "ಸ್ವಲ್ಪ ಇದೆ ಮೇಡಂ" ಎಂದ.

ಹಸಿ ಸುಳ್ಳು. ಬೆರಳು ನೋಯುವುದನ್ನು ನಿಲ್ಲಿಸಿ ವಾರಗಳೇ ಆಗಿದ್ದವು.

ಅವನ ಕಸುಬು ಫೋಟೋಗಳಿಗೆ ಫ್ರೇಮು ಹಾಕುವುದು. ನಾಲ್ಕು ತಿಂಗಳ ಹಿಂದೆ ಗಾಜು ಜಾರಿ ಬಲಗೈ ಹೆಬ್ಬೆರಳಿನ ನರ ತುಂಡಾಗಿತ್ತು. ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿದ್ದೂ ಆಯಿತು, ಬೆರಳು ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಫಿಸಿಯೋ ಕೊಟ್ಟ ರಬ್ಬರ್ ಚೆಂಡು ಹಿಸುಕಿ ಹಿಸುಕಿ ಅವನಿಗೆ ಸಾಕಾಗಿತ್ತು.

"ನಿಮಗೇನು ಇಷ್ಟ ಹೇಳ್ರೀ. ಬೆರಳಿಗೆ ಅದನ್ನೇ ಮಾಡಿಸೋಣ" ಎಂದಳು ಅವಳು ಒಂದು ದಿನ.

ಅವನ ಬಾಯಿಗೆ ಬಂದದ್ದು ಚಿಕ್ಕಂದಿನ ವಿಡಿಯೋ ಗೇಮ್, 'ಚಂದ್ರನಿಗೊಂದು ಕೊಡೆ'. ಹಳೆಯದನ್ನೇ ಹೊಸದಾಗಿ ತಿದ್ದಿದ ಅದರ ರೀಮಾಸ್ಟರ್ ಆಗಷ್ಟೇ ಬಂದಿತ್ತು. ಅವನ ಅಕ್ಕ ತನ್ನ ಗೇಮ್ ಕನ್ಸೋಲನ್ನೇ ತಂದುಕೊಟ್ಟಳು. ಕ್ಲಿನಿಕ್ಕಿನ ಗೋಡೆಯ ಟಿವಿಗೆ ಅದನ್ನು ಜೋಡಿಸಿದರು.

ಹುಚ್ಚು ಆಟ ಅದು. ಕತ್ತಿಯಿಲ್ಲ, ಕಿರೀಟವಿಲ್ಲ. ಚಂದ್ರನಿಗೆ ನೆಗಡಿಯಾಗಿದೆಯೆಂದು ಕೊಡೆ ಹೊತ್ತು ಹೊರಟ ಅಂಚೆಯವನು, ಅವನ ಜೊತೆಗೆ ದಾರಿ ತಪ್ಪಿಸುವುದೇ ಕೆಲಸವಾದ ಒಂದು ಬಾತುಕೋಳಿ. ರಾಕ್ಷಸರನ್ನು ಕೊಲ್ಲುವಂತಿಲ್ಲ, ನಗಿಸಿ ಕಳಿಸಬೇಕು. ಆಟ ಸೇವ್ ಆಗಬೇಕಾದರೆ ಕ್ಷೌರಿಕನ ಕುರ್ಚಿಯಲ್ಲಿ ಕೂತು ನಡೆದದ್ದನ್ನೆಲ್ಲ ಒಪ್ಪಿಸಬೇಕು. ರೀಮಾಸ್ಟರಿನಲ್ಲಿ ಬಣ್ಣ ಹೊಸದು, ಹಾಡಿಗೆ ಪಿಟೀಲು ಸೇರಿತ್ತು. ಬಾತುಕೋಳಿಯ ಪೆದ್ದುತನ ಮಾತ್ರ ಹಾಗೇ ಇತ್ತು.

ಕಂಟ್ರೋಲರಿನ ಎಡಭಾಗ ಅವನದು. ಬಲಗಡೆ ಅವನ ಹೆಬ್ಬೆರಳಿಗೆ ಆಗದ ಬಟನ್‌ಗಳನ್ನೆಲ್ಲ ಅವಳು ಒತ್ತುತ್ತಿದ್ದಳು. ಒಂದೇ ಕಂಟ್ರೋಲರ್ ಹಿಡಿದ ಇಬ್ಬರು ದೂರ ಕೂರಲು ಹೇಗಾದೀತು? ಸೇತುವೆ ದಾಟುವಾಗ ಅವಳು ನಾಲಿಗೆಯ ತುದಿ ಕಚ್ಚಿಕೊಳ್ಳುತ್ತಿದ್ದಳು. "ಅಯ್ಯೋ ಪೆದ್ದೇ, ಆ ಕಡೆ ಅಲ್ವೇ!" ಎಂದು ಬಾತುಕೋಳಿಯನ್ನು ಬೈದು, ತಕ್ಷಣ ಓರೆಗಣ್ಣಿನಲ್ಲಿ ಅವನತ್ತ ನೋಡಿ, ಏನೂ ಆಗದವಳಂತೆ ಗಂಭೀರಳಾಗುತ್ತಿದ್ದಳು. ಆ ಒಂದು ನೋಟಕ್ಕಾಗಿ ಅವನು ಬೇಕೆಂದೇ ಎಷ್ಟೋ ಸಲ ದಾರಿ ತಪ್ಪಿದ.

ಹೀಗಿರುವಾಗ ಪಾಪಿ ಬೆರಳು ವಾಸಿಯಾಯಿತು. ವಾಸಿಯಾದ ಮೇಲೆ ಇಲ್ಲಿಗೆ ಬರಲು ಯಾವ ನೆಪವಿದೆ? ಬಾಯಿಬಿಟ್ಟು ಹೇಳೋಣವೆಂದರೆ ಅವಳು ರೋಗಿಯೊಬ್ಬನ ಹುಚ್ಚೆಂದು ನಕ್ಕುಬಿಟ್ಟರೆ ಎಂಬ ಭಯ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದಂತೆ ಅವನು ಮೂರು ವಾರದಿಂದ "ಸ್ವಲ್ಪ ಇದೆ ಮೇಡಂ" ಎನ್ನುತ್ತಲೇ ಬಂದಿದ್ದ.

"ಇವತ್ತು ಆಕಳಿಕೆ ದೈತ್ಯ" ಎಂದಳು ಅವಳು. "ಇವನನ್ನು ದಾಟಿದರೆ ಚಂದ್ರ."

ಮಧ್ಯಾಹ್ನ ಒಂದು ಗಂಟೆ. ರಿಸೆಪ್ಷನ್ ಖಾಲಿಯಿತ್ತು. ಕಿಟಕಿಯ ಬಳಿ ಅವಳ ಊಟದ ಡಬ್ಬಿ ಮುಚ್ಚಿಯೇ ಇತ್ತು. ದೈತ್ಯನಿಗೆ ಹತ್ತು ಸೆಕೆಂಡಿನಲ್ಲಿ ಅರವತ್ತು ಸಲ ಕಚಗುಳಿಯಿಡಬೇಕು, ಅಂದರೆ ಅರವತ್ತು ಸಲ ಒಂದೇ ಬಟನ್ ಒತ್ತಬೇಕು. ಚಿಕ್ಕಂದಿನಲ್ಲಿ ಅದಾಗದೆ ಅವನು ಅತ್ತು ಆಟವನ್ನೇ ಬಿಟ್ಟಿದ್ದ.

"ನಿಮಗೆ ನೋವಲ್ವಾ, ನಾನೇ ಒತ್ತೀನಿ" ಎಂದು ಅವಳು ಶುರುಮಾಡಿದಳು. ಮೂವತ್ತಕ್ಕೇ ಬೆರಳು ಜಾರಿತು. ದೈತ್ಯ ಬಾಯಿ ತೆರೆದ. ಬಾತುಕೋಳಿ ಕಿರುಚಿತು.

"ಇಲ್ಲಿ ಕೊಡಿ!" ಎಂದವನೇ ಅವನು ಕಂಟ್ರೋಲರ್ ಕಿತ್ತುಕೊಂಡ. ಹೆಬ್ಬೆರಳು ಟಕಟಕನೆ ಓಡಿತು. ದೈತ್ಯ ಬಿದ್ದು ಬಿದ್ದು ನಕ್ಕ. "ಗೆದ್ದೆ!" ಎಂದು ಕೂಗಿದ ಮೇಲೆ ತಾನೇನು ಮಾಡಿಬಿಟ್ಟೆ ಎಂದು ಅವನಿಗೆ ಹೊಳೆಯಿತು.

ಅವಳು ಟಿವಿ ನೋಡುತ್ತಿರಲಿಲ್ಲ. ಅವನ ಬೆರಳನ್ನು ನೋಡುತ್ತಿದ್ದಳು.

"ಸ್ವಲ್ಪ ಇದೆ ಅಂದ್ರಲ್ಲ, ನೋವು?"

"ಅದು... ಈಗ ತಾನೇ ಹೋಯ್ತು."

"ಹೌದಾ? ಪಾಪ!"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಸುಳ್ಳು ಹೇಳ್ದೆ ಮೇಡಂ. ವಾಸಿಯಾಯ್ತು ಅಂದ್ರೆ ನಾಳೆಯಿಂದ ಬರಬೇಡಿ ಅಂತೀರಿ. ಮನೆಯಲ್ಲಿ ಕೂತ್ರೆ ನಿಮ್ಮದೇ ಯೋಚನೆ, ಅಂಗಡೀಲೂ ನಿಮ್ಮದೇ. ನಾನೇನು ಮಾಡ್ಲಿ ಹೇಳಿ? ನನ್ನಿಂದ ಆಗ್ತಿಲ್ಲ."

ಅವಳು ಎದ್ದು ಕಪಾಟಿನಿಂದ ಅವನ ಫೈಲ್ ತಂದು ಅವನ ಮಡಿಲಲ್ಲೇ ಬಿಚ್ಚಿಟ್ಟಳು. ಕೊನೆಯ ಪುಟದಲ್ಲಿ ಅವಳದೇ ದುಂಡು ಅಕ್ಷರ: 'ಪೂರ್ತಿ ಗುಣವಾಗಿದೆ. ಇನ್ನು ಬರಬೇಕಿಲ್ಲ.' ಕೆಳಗೆ ತಾರೀಕು. ಮೂರು ವಾರದ ಹಿಂದಿನದು.

"ಮತ್ತೆ ನೀವ್ಯಾಕೆ..." ಎಂದು ಅವನು ತಾರೀಕನ್ನು ಇನ್ನೊಮ್ಮೆ ಓದಿದ.

"ಇದು ನನ್ನ ಊಟದ ಹೊತ್ತು ಕಣ್ರೀ" ಎಂದಳು ಅವಳು, ಕಿವಿಯವರೆಗೂ ಕೆಂಪಾಗಿ. "ಮೂರು ವಾರದಿಂದ ತಣ್ಣಗಿನ ಊಟ ಮಾಡ್ತಿದ್ದೀನಿ. ಬರಬೇಡಿ ಅಂತ ಹೇಳೋಕೆ ದಿನಾ ಬಾಯಿ ತೆಗೀತೀನಿ. ಅಷ್ಟರಲ್ಲಿ ನೀವು ಆ ಸಪ್ಪೆ ಮುಖ ಮಾಡ್ಕೊಂಡು ಬಂದುಬಿಡ್ತೀರಿ. ನನ್ನಿಂದಲೂ ಆಗ್ಲಿಲ್ಲ."

ಪರದೆಯ ಮೇಲೆ ಕ್ಷೌರಿಕ ಕತ್ತರಿ ಹಿಡಿದು ಕಾಯುತ್ತಿದ್ದ. 'ಆಮೇಲೆ?' ಎಂಬ ಪ್ರಶ್ನೆಯ ಕೆಳಗೆ ಎರಡೇ ಉತ್ತರಗಳಿದ್ದವು: 'ಇಷ್ಟೇ', 'ಇನ್ನೂ ಇದೆ'.

"ಒತ್ತಿ" ಎಂದಳು ಅವಳು.

ದೈತ್ಯನನ್ನು ನಗಿಸಿದ ಹೆಬ್ಬೆರಳು ಈಗ ನಿಜಕ್ಕೂ ಅಲುಗಲಿಲ್ಲ. "ಈಗ ಸುಳ್ಳಲ್ಲ ಮೇಡಂ" ಎಂದ ಅವನು.

"ಗೊತ್ತು" ಎಂದು ಅವಳು ಪಕ್ಕದಲ್ಲಿ ಕೂತು, ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟು, 'ಇನ್ನೂ ಇದೆ' ಎಂಬುದನ್ನು ಒತ್ತಿದಳು. ಆಮೇಲೆ ಕೈಚಾಚಿ ಡಬ್ಬಿ ಎಳೆದುಕೊಂಡು ಮುಚ್ಚಳ ತೆಗೆದಳು. ಒಳಗೆ ಎರಡು ಚಮಚಗಳಿದ್ದವು.